ತುದಿಯ ಭಾರ ಮೊದಲೇ ಇಟ್ಟು ನೋಡು

ಪುಟ್ಟಿ,

ನಿನ್ನೆ ರಾತ್ರಿ ನೀನು ಮಲಗಿದ ಮೇಲೆ ನಿನ್ನ ಕೈ ನೋಡಿದೆ. ಹೆಬ್ಬೆರಳಿನ ಗೋಂದು ಇನ್ನೂ ಹೋಗಿರಲಿಲ್ಲ. ತಂಡದ ಸ್ಪರ್ಧೆಯಲ್ಲಿ ನಿಮ್ಮ ಕಾಗದದ ಸೇತುವೆ ಕುಸಿದದ್ದಕ್ಕೆ ನನಗೆ ಬೇಜಾರಿಲ್ಲ. "ಎಲ್ಲಾ ನಾನೇ ಮಾಡ್ದೆ, ಆದ್ರೂ ಸೋತ್ವಿ" ಅಂದೆಯಲ್ಲ, ಆ ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಪೀಟರ್ ಸ್ಕಿಲ್‌ಮನ್ ಎಂಬ ವಿನ್ಯಾಸಕಾರ ಹುಟ್ಟುಹಾಕಿದ ಒಂದು ಸವಾಲಿದೆ. ನಾಲ್ಕು ಜನ, 18 ನಿಮಿಷ. ಶ್ಯಾವಿಗೆಯಂಥ 20 ಒಣ ಸ್ಪಗೆಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಮಾರ್ಷ್‌ಮ್ಯಾಲೋ ಎಂಬ ಒಂದು ಮೆತ್ತನೆಯ ಮಿಠಾಯಿ. ಆದಷ್ಟು ಎತ್ತರದ ಗೋಪುರ ಕಟ್ಟಬೇಕು, ಮಾರ್ಷ್‌ಮ್ಯಾಲೋ ತುದಿಯಲ್ಲಿ ನಿಲ್ಲಬೇಕು. ಟಾಮ್ ವುಜೆಕ್ ಎಂಬುವರು ಇದನ್ನು ಎಷ್ಟೋ ಕಡೆ ಆಡಿಸಿದರು. ಬಿಸಿನೆಸ್ ಓದಿ ಆಗಷ್ಟೇ ಹೊರಬಂದವರಿಗಿಂತ ಶಿಶುವಿಹಾರದ ಮಕ್ಕಳೇ ಚೆನ್ನಾಗಿ ಕಟ್ಟುತ್ತಾರೆ ಅಂತ 2010ರ ಒಂದು ಭಾಷಣದಲ್ಲಿ ಹೇಳಿದರು. ದೊಡ್ಡವರು ಯಾರ ಮಾತು ನಡೆಯಬೇಕು ಅನ್ನುವುದರಲ್ಲೇ ಹೊತ್ತು ಕಳೆಯುತ್ತಾರೆ. ಕೊನೇ ಗಳಿಗೆಯಲ್ಲಿ ಮಾರ್ಷ್‌ಮ್ಯಾಲೋ ಇಡುತ್ತಾರೆ. ಹಗುರ ಅಂದುಕೊಂಡದ್ದು ಭಾರವಾಗಿ ಕಡ್ಡಿಗಳು ಬಾಗುತ್ತವೆ. ಮಕ್ಕಳು ಮೊದಲೇ ಅದನ್ನು ತುದಿಗೆ ಚುಚ್ಚಿ ನೋಡುತ್ತಾರೆ. ಬಿದ್ದರೆ ಮತ್ತೆ ಕಟ್ಟುತ್ತಾರೆ.

ನೀವು ಸೇತುವೆಯ ಮೇಲೆ ಪುಸ್ತಕ ಇಟ್ಟದ್ದು ಯಾವಾಗ? ಗಂಟೆ ಹೊಡೆಯುವ ಹೊತ್ತಿಗೆ ಅಲ್ವಾ? ಸ್ವಂತ ಉದ್ಯಮ ಶುರು ಮಾಡುವವರೂ ಇಲ್ಲೇ ಎಡವುತ್ತಾರೆ. ತಿಂಗಳುಗಟ್ಟಲೆ ಒಳಗೇ ಕೂತು ಮಾಡಿ, ಕೊಳ್ಳುವವರ ಕೈಗೆ ಕೊನೆಗೆ ಕೊಡುತ್ತಾರೆ. ಅರೆಬರೆ ಇದ್ದಾಗಲೇ ಕೊಟ್ಟಿದ್ದರೆ ತಪ್ಪು ಸಣ್ಣದಿರುವಾಗಲೇ ಕಾಣುತ್ತಿತ್ತು.

ಇನ್ನೊಂದು ಮಾತು. ನಿಮ್ಮ ತಂಡದ ಆ ಮೆತ್ತಗಿನ ಹುಡುಗಿ "ಕಾಗದ ಮಡಿಸೋಣ್ವಾ" ಅಂದಳಂತೆ. ನೀನು "ಆಮೇಲೆ" ಅಂದೆಯಂತೆ. ಅದನ್ನು ನೀನೇ ಹೇಳಿದೆ, ಅದಕ್ಕೆ ಖುಷಿಯಾಯಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಹುಡುಗಿಯ ಹಾಗೇ ಇದ್ದೆ. ಒಂದು ಮೀಟಿಂಗ್‌ನಲ್ಲಿ ಲೆಕ್ಕದ ಪಟ್ಟಿಯ ತಪ್ಪು ಕಣ್ಣಿಗೆ ಬಿತ್ತು. ಬಾಯಿ ತೆರೆದೆ, ಯಾರೋ "ಮುಂದಿನದು" ಅಂದರು, ಸುಮ್ಮನಾದೆ. ಮೂರು ದಿನದ ಕೆಲಸ ಎಲ್ಲರೂ ಮತ್ತೆ ಮಾಡಬೇಕಾಯಿತು. ಗಟ್ಟಿಯಾಗಿ ಹೇಳುವುದನ್ನು ನಾನು ಕಲಿಯಲು ವರ್ಷಗಳೇ ಬೇಕಾದವು. ಕೇಳಿಸಿಕೊಳ್ಳುವವರು ಒಬ್ಬರಿದ್ದಿದ್ದರೆ ಅಷ್ಟು ಕಾಲ ಹಿಡಿಯುತ್ತಿರಲಿಲ್ಲ.

ನಿನ್ನ ಶ್ರಮ ಕಡಿಮೆ ಅಂತ ನಾನು ಹೇಳುತ್ತಿಲ್ಲ, ಪುಟ್ಟಿ. ಕತ್ತರಿಸುವುದು, ಅಂಟಿಸುವುದು, ಅಳೆಯುವುದು ಎಲ್ಲಾ ನಿನ್ನ ಕೈಯಲ್ಲೇ ಇದ್ದರೆ ಉಳಿದ ನಾಲ್ವರು ನೋಡುತ್ತಾ ನಿಲ್ಲಬೇಕಷ್ಟೆ. ಮುಂದಿನ ಸಲ ಮೊದಲ ಐದು ನಿಮಿಷ ಗೋಂದು ಮುಟ್ಟಬೇಡ. ಒಬ್ಬೊಬ್ಬರನ್ನೂ ಕೇಳು.

ಬೆಳಿಗ್ಗೆ ಒಂದು ಹಾಳೆಯನ್ನು ಎರಡು ಪುಸ್ತಕಗಳ ಮೇಲೆ ಅಡ್ಡ ಇಟ್ಟು, ನಡುವೆ ನಿನ್ನ ಪೆನ್ಸಿಲ್ ಡಬ್ಬಿ ಇಟ್ಟೆ. ಬಾಗಿ ಬಿತ್ತು. ಅದೇ ಹಾಳೆಯನ್ನು ಬೀಸಣಿಗೆಯ ಹಾಗೆ ಸಣ್ಣ ಸಣ್ಣದಾಗಿ ಮಡಿಸಿ ಇಟ್ಟೆ. ಡಬ್ಬಿ ಹೊತ್ತು ನಿಂತಿತು. ಮೇಜಿನ ಮೇಲೆ ಹಾಗೇ ಬಿಟ್ಟಿದ್ದೇನೆ. ಹೊರಡುವ ಮುಂಚೆ ನೋಡು. ನೋಡಿ, ಆ ಹುಡುಗಿಗೆ ಹೋಗಿ ಹೇಳು.

ನಿನ್ನ
ಅಮ್ಮ