ಪ್ರೊಸೆಸರ್ ಬಿಚ್ಚುವ ಮೊದಲೇ ಬಯೋಸ್ ಅಪ್‌ಡೇಟ್ ಆಗಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ದಾವಣಗೆರೆಯ ಡಿಟಿಪಿ ಕೇಂದ್ರದವರು, ಮಂಡಿಪೇಟೆಯ ವರ್ತಕರು, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಮದರ್‌ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸಲು ನೋಡುತ್ತಾರೆ. ಲೆಕ್ಕಾಚಾರ ಸರಿಯೇ. ತಪ್ಪುವುದು ಕೆಲಸದ ಕ್ರಮದಲ್ಲಿ. ಪರದೆ ಕಪ್ಪಾದರೆ ‘ಬೋರ್ಡ್ ಹೋಗಿದೆ’, ನೀಲಿಯಾದರೆ ‘ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು’ ಎಂದುಬಿಡುವ ಅಂಗಡಿಗಳಿವೆ. ಎಷ್ಟೋ ಸಲ ಎರಡೂ ಹೋಗಿರುವುದಿಲ್ಲ.

ಬೋರ್ಡಿನ ಬಯೋಸ್‌ಗೆ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನ ಚಿಪ್‌ನಲ್ಲಿರುವ ತಂತ್ರಾಂಶ) ಹೊಸ ಪ್ರೊಸೆಸರ್‌ನ ಗುರುತು ಸಿಗದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿನ (ಸಾಕೆಟ್ ಎಂದರೆ ಪ್ರೊಸೆಸರ್ ಕೂರುವ ಜಾಗ) ಬಿ350, ಬಿ450 ಬೋರ್ಡುಗಳಲ್ಲಿ ಹೆಚ್ಚಿನವು ಬಯೋಸ್ ಅಪ್‌ಡೇಟ್ ಆದರೆ ರೈಜೆನ್ 5000 ಸರಣಿಯನ್ನೂ ಒಪ್ಪುತ್ತವೆ. 12ನೇ ತಲೆಮಾರಿನ ಇಂಟೆಲ್ ಜತೆ ಕೊಂಡ ಎಚ್610 ಬೋರ್ಡಿಗೆ 13 ಅಥವಾ 14ನೇ ತಲೆಮಾರು ಹಾಕುವಾಗಲೂ ಇದೇ ಮಾತು. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ಟಿನ ಕಥೆ ಬೇರೆ: 6–7ನೇ ತಲೆಮಾರಿನ ಬೋರ್ಡಿನಲ್ಲಿ 8–9ನೆಯದು ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ತಯಾರಕರ ಯಾವ ಬಯೋಸ್ ಹಾಕಿದರೂ ನಡೆಯದು. ಲ್ಯಾಪ್‌ಟಾಪ್‌ನವರಿಗೆ ಈ ಚಿಂತೆಯೇ ಬೇಡ. ಈಗಿನವುಗಳಲ್ಲಿ ಪ್ರೊಸೆಸರನ್ನು ಬೆಸೆದೇ ಬಿಟ್ಟಿರುತ್ತಾರೆ.

ಆದ್ದರಿಂದ ಹಳೆಯ ಪ್ರೊಸೆಸರ್ ಇನ್ನೂ ಓಡುತ್ತಿರುವಾಗಲೇ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದು ಬೋರ್ಡಿನ ಮಾದರಿ, ಬಯೋಸ್ ಆವೃತ್ತಿ, ದಿನಾಂಕ ಬರೆದುಕೊಳ್ಳಿ. ಬೋರ್ಡಿನ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ನೋಡಿ. ಹೆಸರು ಒಂದೇ ಇದ್ದು ರಿವಿಷನ್ ಬೇರೆಯಾದರೆ ಬಯೋಸ್ ಫೈಲೂ ಬೇರೆ ಇರಬಹುದು. ತಯಾರಕರ ತಾಣದ ಪ್ರೊಸೆಸರ್ ಪಟ್ಟಿಯಲ್ಲಿ ಯಾವ ಆವೃತ್ತಿಯಿಂದ ಬೆಂಬಲ ಎಂಬುದು ಇರುತ್ತದೆ. ಕೆಲವು ಬೋರ್ಡಿಗೆ ಕೊನೆಯ ಆವೃತ್ತಿಗೆ ನೇರ ಜಿಗಿಯುವಂತಿಲ್ಲ, ನಡುವಿನದೊಂದು ಮೊದಲು ಬೇಕು. ಫೈಲನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯೋಸ್ ಒಳಗಿರುವ ಫ್ಲ್ಯಾಶ್ ಸವಲತ್ತಿನಿಂದಲೇ ಏರಿಸಿ. ಕೆಲಸ ಕೆಲವೇ ನಿಮಿಷದ್ದು, ಆದರೆ ಆಗ ಕರೆಂಟ್ ಹೋದರೆ ಚಿಪ್‌ನಲ್ಲಿ ಅರ್ಧ ಬರಹ ಉಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಸ್ಕಾಂ ನಂಬಿ ಕೂರುವುದಕ್ಕಿಂತ ಬ್ಯಾಟರಿ ಸರಿಯಿರುವ ಯುಪಿಎಸ್ ನಂಬುವುದು ಮೇಲು. ಅಷ್ಟಾಗಿಯೂ ಕೆಟ್ಟರೆ ಬೋರ್ಡ್ ಎಸೆಯಬೇಕಿಲ್ಲ, ಸಿಎಚ್341ಎ ಪ್ರೋಗ್ರಾಮರ್ ಎಂಬ ಪುಟ್ಟ ಸಾಧನವನ್ನು ಚಿಪ್ಪಿಗೆ ಕ್ಲಿಪ್ ಮಾಡಿ ಮತ್ತೆ ಬರೆಯಬಹುದು. 1.8 ವೋಲ್ಟ್ ಚಿಪ್ಪಿಗೆ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಾಕಿದರೆ ಮಾತ್ರ ಚಿಪ್ಪೇ ಸುಡಬಹುದು.

ನೀಲಿ ಪರದೆಯ ವಿಷಯಕ್ಕೆ ಬರೋಣ, ಜನರ ಡೇಟಾ ಹಾಳಾಗುವುದು ಇಲ್ಲೇ. ಬಯೋಸ್ ಅಪ್‌ಡೇಟ್ ಆದಾಗ ಅದರ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಮೂಲಸ್ಥಿತಿಗೆ ಮರಳುತ್ತವೆ. ಡಿಸ್ಕು ಎಎಚ್‌ಸಿಐನಲ್ಲಿದ್ದದ್ದು ರೇಡ್ ಅಥವಾ ವಿಎಂಡಿಗೆ (ಇವು ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಬೇರೆ ಬೇರೆ ಮೋಡ್‌ಗಳು) ಹೋಗಿರಬಹುದು, ಇಲ್ಲವೇ ಅದರ ತಿರುಗುಮುರುಗು. ವಿಂಡೋಸ್ ಬೂಟ್ ಆಗುವಾಗ ತನಗೆ ಗೊತ್ತಿದ್ದ ಸ್ಟೋರೇಜ್ ಡ್ರೈವರನ್ನಷ್ಟೇ ಎತ್ತಿಕೊಳ್ಳುತ್ತದೆ. ಆ ದಾರಿಯಲ್ಲಿ ಡಿಸ್ಕ್ ಕಾಣದಿದ್ದಾಗ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎನ್ನುತ್ತದೆ. ಮದ್ದು ಸುಲಭ: ಸೆಟ್ಟಿಂಗನ್ನು ಹಿಂದಿದ್ದಂತೆ ಇಡುವುದು. ಅದಕ್ಕಾಗಿ ಅಪ್‌ಡೇಟಿಗೆ ಮುನ್ನ ಬಯೋಸ್‌ನ ಸ್ಟೋರೇಜ್ ಮತ್ತು ಬೂಟ್ ಪುಟಗಳ ಫೋಟೊ ಮೊಬೈಲಿನಲ್ಲಿರಲಿ. ಹಳೆಯ ಎಂಬಿಆರ್ ಕ್ರಮದಲ್ಲಿ ಭಾಗ ಮಾಡಿದ ಡಿಸ್ಕಾಗಿದ್ದರೆ, ಅದರಿಂದ ಬೂಟ್ ಆಗಲು ಬೇಕಾದ ಸಿಎಸ್‌ಎಂ ಸೆಟ್ಟಿಂಗ್ ಆಫ್ ಆಗಿದೆಯೇ ಎಂಬುದನ್ನೂ ನೋಡಿ.

ಮೋಡನ್ನೇ ಬದಲಿಸಬೇಕೆಂದಿದ್ದರೆ ಮೊದಲು ವಿಂಡೋಸ್‌ನ ‘ಸಿಸ್ಟಮ್ ಕಾನ್ಫಿಗರೇಷನ್’ನ ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡುತ್ತಲೇ ಬಯೋಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡಿನಲ್ಲಿ ಸರಿಯಾದ ಡ್ರೈವರ್ ಸಿಕ್ಕಿ ವಿಂಡೋಸ್ ಏಳುತ್ತದೆ. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರಾಯಿತು. ಹೊಸದಾಗಿಯೇ ವಿಂಡೋಸ್ ಹಾಕುವಾಗ 11ನೇ ತಲೆಮಾರು ಹಾಗೂ ನಂತರದ ಇಂಟೆಲ್‌ನಲ್ಲಿ ಡ್ರೈವ್ ಕಾಣದಿದ್ದರೆ ಅದು ಸತ್ತಿದೆಯೆಂದಲ್ಲ. ವಿಎಂಡಿ ಆನ್ ಇರಬಹುದು. ಬೋರ್ಡ್ ತಯಾರಕರ ತಾಣದಿಂದ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿದ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿ. ಸೆಟಪ್ ಫೈಲನ್ನು ಹಾಗೇ ಹಾಕಿದರೆ ಕೆಲಸಕ್ಕೆ ಬಾರದು.

ಇನ್ನೊಂದು ಅಪಾಯ ಬಿಟ್‌ಲಾಕರ್, ಅಂದರೆ ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸವಲತ್ತು. ಎಎಂಡಿ ಪ್ರೊಸೆಸರ್ ಬದಲಾದಾಗ, ಆ ಬೀಗದ ಕೀ ಇಟ್ಟುಕೊಳ್ಳುವ ಟಿಪಿಎಂ ಅಳಿಸಲು ‘ವೈ’ ಅಥವಾ ‘ಎನ್’ ಒತ್ತಲು ಕೇಳುತ್ತದೆ. 48 ಅಂಕಿಯ ರಿಕವರಿ ಕೀ ಕೈಯಲ್ಲಿಲ್ಲದೆ ‘ವೈ’ ಒತ್ತಬೇಡಿ. ಕೆಲಸಕ್ಕೆ ಮೊದಲೇ ಆ ಕೀ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು ಕ್ಷೇಮ.

ದಾವಣಗೆರೆ, ಚಿತ್ರದುರ್ಗದ ಅಂಗಡಿಯವರಲ್ಲಿ ಕೋರಿಕೆ ಇಷ್ಟು: ಪ್ರೊಸೆಸರ್ ಮಾರುವ ಮುನ್ನ ಗ್ರಾಹಕರ ಬೋರ್ಡಿನ ಮಾದರಿ ಮತ್ತು ಬಯೋಸ್ ಆವೃತ್ತಿ ಕೇಳಿ, ಅಪ್‌ಡೇಟ್ ಮಾಡಿಕೊಟ್ಟರೆ ಹೊಸ ಆವೃತ್ತಿಯನ್ನು ಬಿಲ್ಲಿನಲ್ಲೇ ನಮೂದಿಸಿ. ಗ್ರಾಹಕರೂ ಅಷ್ಟೇ, ‘ಹೋಗಿದೆ’ ಎಂದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ತೋರಿಸುವವರೆಗೆ ಫಾರ್ಮ್ಯಾಟಿಗೆ ಒಪ್ಪಬೇಡಿ.

– ಕಂಪ್ಯೂಟರ್ ದುರಸ್ತಿ ಕೆಲಸದ ಕೆಲವರು, ಪಿ.ಜೆ. ಬಡಾವಣೆ, ದಾವಣಗೆರೆ