ಹಾವಿನ ಹಗೆಯಲ್ಲ, ಸಾಕುವವರ ಎಡವಟ್ಟು

ಮಾನ್ಯರೇ,

ಸುಮ್ಮನಿದ್ದ ಸಾಕು ಹಾವು ಇದ್ದಕ್ಕಿದ್ದಂತೆ ಕಚ್ಚಿದರೆ ಅದಕ್ಕೆ ಹಗೆ ಹುಟ್ಟಿದೆ ಎನ್ನುವವರೇ ಹೆಚ್ಚು. ಹಗೆ ಸಾಧಿಸುವ ಬುದ್ಧಿ ಹಾವಿಗಿಲ್ಲ. ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ವಿಷರಹಿತ ಹಾವುಗಳು ಕಚ್ಚುವುದು ಬಹುತೇಕ ಹೆದರಿಕೆಯಿಂದ, ಇಲ್ಲವೇ ಹಸಿವಿನಿಂದ. ಹೆದರಿದ್ದು ಕತ್ತನ್ನು ‘ಎಸ್’ ಆಕಾರಕ್ಕೆ ಮಡಚಿ ಬುಸುಗುಡುತ್ತದೆ, ಕಚ್ಚಿದರೂ ಸಾಮಾನ್ಯವಾಗಿ ತಕ್ಷಣ ಬಿಡುತ್ತದೆ. ಕೈಯನ್ನು ಬೇಟೆಯೆಂದುಕೊಂಡದ್ದು ಹಿಡಿದು ಸುತ್ತಿಕೊಳ್ಳುತ್ತದೆ.

ಎರಡನೆಯದು ನಾವೇ ಕಲಿಸಿದ ಪಾಠ. ಊಟ ಕೊಡಲು ಮಾತ್ರ ಪೆಟ್ಟಿಗೆ ತೆರೆದರೆ, ಬಾಗಿಲು ಸರಿದೊಡನೆ ಹಾವು ಬೇಟೆಗೆ ಸಜ್ಜಾಗುತ್ತದೆ. ಕೈಗೆ ಇಲಿಯ ವಾಸನೆಯಿದ್ದರಂತೂ ಕೇಳುವುದೇ ಬೇಡ. ಮೊದಲು ಸೋಪಿನಿಂದ ಕೈ ತೊಳೆದು, ಕೊಕ್ಕೆಯಿಂದ ಮೈಯ ನಡುಭಾಗವನ್ನು ಮೆಲ್ಲಗೆ ಸವರಿ, ಬಳಿಕ ಪಕ್ಕದಿಂದ ಎತ್ತಿ. ಮೇಲಿನಿಂದ ಬರುವ ಕೈ ಹದ್ದಿನಂತೆ ಕಾಣುತ್ತದೆ. ಆಹಾರವನ್ನು ಉದ್ದನೆಯ ಚಿಮಟದಲ್ಲೇ ಕೊಡಿ. ತಿಂದ ಮೇಲೆ ಕನಿಷ್ಠ 48 ಗಂಟೆ ಮುಟ್ಟಬೇಡಿ, ಕಕ್ಕಿಬಿಡಬಹುದು.

ಪೊರೆ ಬಿಡುವ ಮುನ್ನ ಕಣ್ಣು ಹಾಲುಬಣ್ಣಕ್ಕೆ ತಿರುಗಿ ದೃಷ್ಟಿ ಮಂಜಾಗುತ್ತದೆ. ಆಗಲೂ ದೂರವಿರಿ.

ಇದಾವುದೂ ಅಲ್ಲದಿದ್ದರೆ ನೋವಿದೆಯೇ ನೋಡಿ. ನೀರಿನ ಬಟ್ಟಲಲ್ಲಿ ತೇಲುವ ಕರಿಚುಕ್ಕೆಗಳು ರಕ್ತ ಹೀರುವ ನುಸಿಗಳಿರಬಹುದು. ಥರ್ಮೋಸ್ಟಾಟ್ (ಶಾಖ ಮಿತಿಮೀರದಂತೆ ತಡೆಯುವ ಸಾಧನ) ಇಲ್ಲದ ಹೀಟ್ ಮ್ಯಾಟ್, ಅಂದರೆ ಪೆಟ್ಟಿಗೆ ಬಿಸಿ ಮಾಡುವ ವಿದ್ಯುತ್ ಹಾಸು, ಹೊಟ್ಟೆಯನ್ನೇ ಸುಡಬಹುದು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬಿಸಿ ತುದಿ 31–33 ಡಿಗ್ರಿ, ತಂಪು ತುದಿ 25–27 ಡಿಗ್ರಿ ಸೆಲ್ಸಿಯಸ್ ಇರಲಿ. ಎರಡೂ ಕಡೆ ಅಡಗುದಾಣ ಬೇಕೇ ಬೇಕು.

ಕಚ್ಚಿ ಹಿಡಿದರೆ ಕೈ ಎಳೆಯಬೇಡಿ. ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಗಾಯ ಸೀಳುತ್ತದೆ, ಹಲ್ಲೂ ಮುರಿಯುತ್ತದೆ. ತಲೆಯ ಮೇಲೆ ತಣ್ಣೀರು ಹರಿಸಿ, ಬಿಟ್ಟ ಮೇಲೆ ಸೋಪಿನಿಂದ ಗಾಯ ತೊಳೆದುಕೊಳ್ಳಿ.

– ಒಬ್ಬ ಪಶುವೈದ್ಯ