ಇಂಟರ್ನ್‌ಶಿಪ್‌ ಕೇಳುವ ಬಗೆಯನ್ನು ಕಾಲೇಜುಗಳೇ ಕಲಿಸಲಿ

ಮಾನ್ಯರೇ,

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್‌ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ ಕಡ್ಡಾಯವಾಗಿದೆ. ಆದರೆ ಅದನ್ನು ಯಾರಲ್ಲಿ, ಹೇಗೆ ಕೇಳಬೇಕು ಎಂಬುದನ್ನು ಹೇಳಿಕೊಡುವ ಹೊಣೆಯನ್ನು ಬಹಳಷ್ಟು ಕಾಲೇಜುಗಳು ಹೊತ್ತುಕೊಂಡಂತೆ ಕಾಣುವುದಿಲ್ಲ. ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಘಟಕ ನಡೆಸುವ ನನ್ನ ಬಳಿಗೆ ಪ್ರತಿವರ್ಷವೂ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಕೆಲಸ ಬಲ್ಲವರು ಹಲವರಿದ್ದರೂ, ತಾವು ಮಾಡಿದ್ದನ್ನು ಎದುರಿನವರಿಗೆ ಮನದಟ್ಟಾಗುವಂತೆ ಹೇಳಬಲ್ಲವರು ತೀರ ವಿರಳ.

ನಮ್ಮ ಮನೆಗಳಲ್ಲಿ ಮಕ್ಕಳು ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ಅದನ್ನು ಬಡಾಯಿ ಎಂದು ಗದರಿಸುವುದುಂಟು. ಹಾಗೆ ಬೆಳೆದವರು ರೆಸ್ಯೂಮೆಯನ್ನು ಮೇಜಿನ ಮೇಲಿಟ್ಟು, 'ಸರ್, ಏನಾದರೂ ಅವಕಾಶ ಇದ್ದರೆ ಹೇಳಿ' ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಲ್ಲುತ್ತಾರೆ. ತರಬೇತಿ ಪಡೆದು ಬಂದವರು 'ಹಾರ್ಡ್‌ ವರ್ಕರ್‌, ಟೀಮ್‌ ಪ್ಲೇಯರ್‌, ಕ್ವಿಕ್‌ ಲರ್ನರ್‌' ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಈ ಇಬ್ಬರಲ್ಲಿ ಯಾರಿಗೆ ಏನು ಬರುತ್ತದೆ ಎಂಬುದು ಕೊನೆಗೂ ನನಗೆ ತಿಳಿಯುವುದೇ ಇಲ್ಲ.

2025ರ ಜನವರಿಯಲ್ಲಿ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಇಮ್‌ಟೆಕ್ಸ್‌ ಯಂತ್ರೋಪಕರಣ ಪ್ರದರ್ಶನದಲ್ಲಿ ಪರಿಚಿತರೊಬ್ಬರ ಮಳಿಗೆಯ ಬಳಿ ನಿಂತಿದ್ದಾಗ ವಿದ್ಯಾರ್ಥಿಯೊಬ್ಬ ಬಂದು ಮಾತಿಗೆ ನಿಂತ. ಮೊದಲಿಗೆ ತನ್ನ ಹೆಸರನ್ನೂ ಕಾಲೇಜನ್ನೂ ಹೇಳಿ, ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅದು ಕಾಲೇಜಿನ ವರ್ಕ್‌ಶಾಪಿನಲ್ಲಿ ಅವನೇ ಮಾಡಿದ ಡ್ರಿಲ್‌ ಜಿಗ್‌, ಅಂದರೆ ಪ್ರತಿ ತುಂಡಿನಲ್ಲೂ ಒಂದೇ ಜಾಗದಲ್ಲಿ ತೂತು ಬೀಳುವಂತೆ ಡ್ರಿಲ್ಲಿಗೆ ದಾರಿ ತೋರುವ ಸಾಧನ. ತೂತುಗಳು ಪ್ರತಿಬಾರಿಯೂ ಸ್ವಲ್ಪ ಸ್ವಲ್ಪ ಆಚೀಚೆ ಬೀಳುತ್ತಿದ್ದವಂತೆ. ಲೊಕೇಟಿಂಗ್‌ ಪಿನ್ನಿನ (ತುಂಡನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಕಡ್ಡಿ) ಬುಡದಲ್ಲಿ ಲೋಹದ ಚೂರು ಸಿಕ್ಕಿಕೊಂಡು ತುಂಡು ಸರಿಯಾಗಿ ಕೂರುತ್ತಿಲ್ಲ ಎಂಬುದನ್ನು ಪತ್ತೆಹಚ್ಚಿ, ಚೂರು ಹೊರಬೀಳಲು ಸಣ್ಣದೊಂದು ತೋಡು ಕೊರೆದು ಸರಿಪಡಿಸಿದ್ದನ್ನು ಅವನು ತಡವರಿಸುತ್ತಲೇ ವಿವರಿಸಿದ. ಬಳಿಕ, 'ನಿಮ್ಮಲ್ಲಿ ಫಿಕ್ಸ್ಚರ್‌ ವಿನ್ಯಾಸ ಮಾಡುವವರ ಜತೆ ಕೆಲಸ ಕಲಿಯಲು ಆಗುತ್ತದೆಯೇ ಸರ್' ಎಂದು ಕೇಳಿದ. ಫಿಕ್ಸ್ಚರ್‌ ಎಂದರೆ ಕೆಲಸದ ತುಂಡನ್ನು ಯಂತ್ರದ ಮೇಲೆ ಅಲುಗದಂತೆ ಹಿಡಿದಿಡುವ ಸಾಧನ. ಅವನ ಮಾತಿನಲ್ಲಿ ಹೊಗಳಿಕೆಯ ಸೋಂಕೂ ಇರಲಿಲ್ಲ. ಏನು ಮಾಡಿದೆ, ಎಲ್ಲಿ ಎಡವಿದೆ, ಏನು ಕಲಿಯಬೇಕು ಎಂಬ ಮೂರೂ ಇದ್ದವು. ಇಂಟರ್ನ್‌ಶಿಪ್‌ ಕೊಡುವವನಿಗೆ ಬೇಕಾಗಿರುವುದು ಇಷ್ಟೇ.

ಕಂಪನಿಗಳಲ್ಲಿ ಪರಿಚಯಸ್ಥರನ್ನು ಹುಡುಕುವ ಪ್ರಶ್ನೆ ಇನ್ನೂ ಕಷ್ಟದ್ದು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದು ಹಾಸ್ಟೆಲ್ಲಿನಲ್ಲಿ ಉಳಿದ ಹುಡುಗಿಗೆ ಬೆಂಗಳೂರಿನ ಕಂಪನಿಗಳಲ್ಲಿ ಬಂಧುಗಳಿರುವುದಿಲ್ಲ. ಹಾಗೆಂದು ಅವಳು ಕೈಚೆಲ್ಲಬೇಕಾಗಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್‌ ಗ್ರಾನೊವೆಟರ್‌ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದ ಮೂಲಕ ಕೆಲಸ ಪಡೆದವರ ಪೈಕಿ ಪದೇ ಪದೇ ಭೇಟಿಯಾಗುವ ಆಪ್ತರಿಂದ ಅದು ಸಿಕ್ಕಿದ್ದು ಆರರಲ್ಲಿ ಒಬ್ಬರಿಗಷ್ಟೇ. ಉಳಿದವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಎದುರಾಗುವ ಪರಿಚಿತರು. ನಮ್ಮ ವಿದ್ಯಾರ್ಥಿಗಳಿಗೂ ಅಂಥವರು ಇದ್ದೇ ಇದ್ದಾರೆ: ಎರಡು ವರ್ಷದ ಹಿಂದೆ ಪಾಸಾದ ಸೀನಿಯರ್‌, ಪ್ರಯೋಗಾಲಯದ ಲೇತ್‌ ರಿಪೇರಿಗೆ ಬರುವ ಸರ್ವಿಸ್‌ ಎಂಜಿನಿಯರ್‌, ಕಾಲೇಜಿಗೆ ಕಟಿಂಗ್‌ ಟೂಲ್‌ ಪೂರೈಸುವವರು. ಇವರಲ್ಲಿ ಮೊದಲೇ ಕೆಲಸ ಕೇಳದೆ, ಹತ್ತು ನಿಮಿಷದ ಮಾತಿಗೆ ಸಮಯ ಕೇಳಿ, ಹೋಗುವ ಮುನ್ನ ಅವರ ಕಂಪನಿ ಏನು ತಯಾರಿಸುತ್ತದೆ ಎಂಬುದನ್ನು ಓದಿಕೊಂಡು ಹೋದರೆ, ಆ ಮಾತಿನಿಂದಲೇ ಮುಂದಿನ ಹೆಸರೊಂದು ಸಿಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ನೂರಾರು ಜನರಿಗೆ ಒಂದೇ ಸಂದೇಶ ಕಳುಹಿಸುವುದರಿಂದ ಇಂಥ ಫಲ ಸಿಗುವುದು ಕಡಿಮೆ.

ಈ ದಾರಿ ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ವಿದ್ಯಾರ್ಥಿಗಳು ಸಾವಿರಾರು ರೂಪಾಯಿ ತೆತ್ತು ಪ್ರಮಾಣಪತ್ರವನ್ನಷ್ಟೇ ಪಡೆದುಕೊಂಡು ಬರುತ್ತಿದ್ದಾರೆ. ಸಾಲ ಮಾಡಿ ಓದಿಸುವ ತಂದೆತಾಯಿಯ ಹಣ ಹೀಗೆ ಹೋಗುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಂಥ ಪ್ರಮಾಣಪತ್ರಗಳನ್ನು ಕಾಲೇಜುಗಳು ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುವುದನ್ನು ಮೊದಲು ನಿಲ್ಲಿಸಬೇಕು. ಪ್ಲೇಸ್‌ಮೆಂಟ್‌ ವಿಭಾಗಗಳು ಕೊನೆಯ ವರ್ಷದವರೆಗೆ ಕಾಯದೆ, ಎರಡನೇ ವರ್ಷದಿಂದಲೇ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಪ್ರತಿಯೊಬ್ಬರಿಗೂ ತಾವು ಮಾಡಿದ ಒಂದು ಕೆಲಸದ ಬಗ್ಗೆ ಎರಡು ನಿಮಿಷ ಮಾತನಾಡುವ ಅಭ್ಯಾಸ ಮಾಡಿಸಲಿ. ಮೊದಲು ಕನ್ನಡದಲ್ಲೇ ಮಾತನಾಡಲು ಬಿಡಲಿ. ಹೇಳಬೇಕಾದ ವಿಷಯ ಸ್ಪಷ್ಟವಾದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಅಷ್ಟೇನೂ ಕಷ್ಟವಲ್ಲ.

ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ನನ್ನ ಸಹೋದ್ಯಮಿಗಳಲ್ಲೂ ಒಂದು ವಿನಂತಿಯಿದೆ. ವಿದ್ಯಾರ್ಥಿಗಳ ಪತ್ರಕ್ಕೆ, ಜಾಗ ಇಲ್ಲದಿದ್ದರೆ ಇಲ್ಲವೆಂದಾದರೂ ಒಂದು ಸಾಲಿನ ಉತ್ತರ ಬರೆಯೋಣ ಮತ್ತು ಸಾಧ್ಯವಿದ್ದರೆ ಅವರು ವಿಚಾರಿಸಬಹುದಾದ ಇನ್ನೊಂದು ಘಟಕದ ಹೆಸರನ್ನು ಅದರಲ್ಲೇ ಸೂಚಿಸೋಣ.

– ಸಣ್ಣ ಉದ್ಯಮಿ, ಪೀಣ್ಯ, ಬೆಂಗಳೂರು